ಪಾತ್ರದ ಉತ್ತರಾಧಿಕಾರ

ಒಂದು ಕಥೆಯನ್ನು ಬಹುಕಾಲ ನಡೆಯಿಸಿಕೊಂಡು ಬಂದ ನಟವರ್ಗವು ಮುಪ್ಪಿನಿಂದಲೋ ಮರಣದಿಂದಲೋ ಬೇಸರದಿಂದಲೋ ರಂಗವನ್ನು ಬಿಟ್ಟು ಸರಿಯಬೇಕಾಗಿ ಬಂದಾಗ, ಆ ಕಥೆಯೂ ಅವರೊಡನೆಯೇ ಮುಗಿಯತಕ್ಕದ್ದೋ, ಇಲ್ಲವೆ ಇನ್ನೊಂದು ವರ್ಗದ ಕೈಸೇರಿ ಮುಂದುವರಿಯತಕ್ಕದ್ದೋ ಎಂಬುದು ಈಚೆಗೆ ಸಿನಿಮಾ ವ್ಯಾಪಾರಸ್ಥರು ಹುಟ್ಟಿಸಿದ ಪ್ರಶ್ನೆಯೆಂದು ಅನೇಕರು ತಿಳಿದಿರುವರು. ಯಶಸ್ವಿಯಾದ ಚಿತ್ರವೊಂದಕ್ಕೆ ಎರಡನೆಯ ಭಾಗ, ಮೂರನೆಯ ಭಾಗವೆಂದು ಬಾಲ ಬೆಳೆಸುತ್ತ, ಹಳಬರು ದಣಿದರೆ ಹೊಸಬರನ್ನು ಅದೇ ಹೆಸರಿನ ಕೆಳಗೆ ನಿಲ್ಲಿಸಿ ಗಲ್ಲಾಪೆಟ್ಟಿಗೆಯನ್ನು ತುಂಬಿಸಿಕೊಳ್ಳುವ ಉಪಾಯವೆಂದು ಅದನ್ನು ಹಳಿಯುವುದು ಸುಲಭ. ಆದರೆ ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯಂತಹ ಊರುಗಳಲ್ಲಿ ಈ ಪ್ರಶ್ನೆಯು ಇಂದಿನ ಸಿನಿಮಾ ವ್ಯಾಪಾರಕ್ಕಿಂತ ಬಹಳ ಹಿಂದಿನಿಂದಲೂ ಇದ್ದಿತು. ಅಷ್ಟೇ ಅಲ್ಲ, ಅದಕ್ಕೆ ಇಲ್ಲಿಯ ಜನರು ಕಂಡುಕೊಂಡ ಉತ್ತರವು ಹಾಲಿವುಡ್ಡಿನ ಉತ್ತರಕ್ಕಿಂತ ಹೆಚ್ಚು ಪಕ್ವವಾದುದೆಂದು ಈ ಲೇಖಕನ ನಂಬಿಕೆ. ಹಾಲಿವುಡ್ಡು ಸರಿಯಾದ ಉತ್ತರದ ತೀರ ಸಮೀಪಕ್ಕೆ ಬಂದು, ಬಂದ ಮೇಲೆ ಎಡವಿದ ಪ್ರಸಂಗವೊಂದಿದೆ. ಅದನ್ನು ಮೊದಲು ಪರಿಶೀಲಿಸಿ ಅನಂತರ ಊರಿಗೆ ಬರೋಣ.

1966ರಲ್ಲಿ ಜೀನ್ ರಾಡನ್‌ಬೆರಿ ಎಂಬುವರು ಅಮೆರಿಕದ ದೂರದರ್ಶನಕ್ಕಾಗಿ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯನ್ನು ಆರಂಭಿಸಿದರು. ಎಂಟರ್‌ಪ್ರೈಸ್ ಎಂಬ ವ್ಯೋಮನೌಕೆ, ಅದರ ಸಾಹಸಿಯಾದ ಕಪ್ತಾನ ಕರ್ಕ್, ತರ್ಕವನ್ನೇ ಧರ್ಮವೆಂದು ನಂಬಿದ ಸ್ಪಾಕ್, ಸದಾ ಗೊಣಗುವ ವೈದ್ಯ ಮೆಕಾಯ್, ಯಂತ್ರಶಾಲೆಯ ಸ್ಕಾಟಿ: ಇವರೇ ಅದರ ಮುಖ್ಯ ಪಾತ್ರವರ್ಗ. ಮೂರು ಋತುಗಳಲ್ಲಿ 79 ಕಂತುಗಳು ನಡೆದು, ನೋಡುವವರು ಸಾಲದೆಂಬ ಕಾರಣದಿಂದ 1969ರಲ್ಲಿ ಧಾರಾವಾಹಿ ನಿಂತುಹೋಯಿತು. ನಿಂತ ಮೇಲೆ, ಮರುಪ್ರಸಾರಗಳಲ್ಲಿ, ಅದಕ್ಕೆ ನಿಜವಾದ ಅಭಿಮಾನಿಗಳು ಹುಟ್ಟಿದರು. ಅವರ ಒತ್ತಾಸೆಯ ಬಲದಿಂದಲೇ 1979ರಿಂದ 1991ರವರೆಗೆ ಅದೇ ನಟರನ್ನು ಕೂಡಿಕೊಂಡು ಆರು ಚಲನಚಿತ್ರಗಳು ತಯಾರಾದವು. ಆರನೆಯದು ತೆರೆ ಕಾಣುವ ಹೊತ್ತಿಗೆ ನಟರಿಗೆ ಕೂದಲು ನೆರೆತಿದ್ದಿತು, ರಾಡನ್‌ಬೆರಿಯವರು ಕೆಲವು ವಾರಗಳ ಹಿಂದಷ್ಟೇ ತೀರಿಕೊಂಡಿದ್ದರು. ಆ ಚಿತ್ರದ ಕೊನೆಯಲ್ಲಿ ಏಳು ಮಂದಿ ನಟರ ಹಸ್ತಾಕ್ಷರಗಳು ಒಂದೊಂದಾಗಿ ತೆರೆಯ ಮೇಲೆ ಮೂಡಿ ಮರೆಯಾಗುತ್ತವೆ. ಬೀಳ್ಕೊಡುಗೆಯನ್ನು ಇದಕ್ಕಿಂತ ಗಂಭೀರವಾಗಿ ಮಾಡುವುದು ಕಷ್ಟ.

ಆದರೆ ಅಷ್ಟರಲ್ಲಿ ನೌಕೆಯು ಬೇರೆಯವರ ಕೈಸೇರಿ ನಾಲ್ಕು ವರ್ಷಗಳಾಗಿದ್ದವು. 1987ರಲ್ಲಿ ರಾಡನ್‌ಬೆರಿಯವರೇ ಹೊಸ ಧಾರಾವಾಹಿಯೊಂದನ್ನು ಹೂಡಿ, ಕಥೆಯ ಕಾಲವನ್ನು ಸುಮಾರು ಒಂದು ಶತಮಾನ ಮುಂದೆ ಸರಿಸಿ, ಅದೇ ಹೆಸರಿನ ಬೇರೊಂದು ನೌಕೆಯನ್ನು ಪಿಕಾರ್ಡ್ ಎಂಬ ಕಪ್ತಾನನಿಗೆ ಒಪ್ಪಿಸಿದ್ದರು. ಪಿಕಾರ್ಡನು ಕರ್ಕನಂತೆ ಮುಷ್ಟಿ ಬೀಸುವವನಲ್ಲ. ಚಹಾ ಕುಡಿಯುತ್ತ, ಪುಸ್ತಕ ಓದುತ್ತ, ಸಭೆ ಕೂಡಿಸಿ ಎಲ್ಲರ ಅಭಿಪ್ರಾಯ ಕೇಳುವವನು. ಆ ಧಾರಾವಾಹಿಯ ಮೊದಲ ಕಂತಿನಲ್ಲಿಯೇ ಒಂದು ಚಿಕ್ಕ ದೃಶ್ಯವಿದೆ. ಹಳೆಯ ವೈದ್ಯ ಮೆಕಾಯ್, ಈಗ 137 ವರ್ಷದ ಮುದುಕ, ಬೆನ್ನು ಬಾಗಿ, ಕಾಲೆಳೆಯುತ್ತ, ಹೊಸ ನೌಕೆಯ ಮೊಗಸಾಲೆಯಲ್ಲಿ ಯಂತ್ರಮಾನವನೊಬ್ಬನ ಜೊತೆ ನಡೆದುಹೋಗುತ್ತಾನೆ. ಗೊಣಗುವ ಚಾಳಿಯನ್ನು ಮಾತ್ರ ಬಿಟ್ಟಿಲ್ಲ. ಹಳೆಯ ಹೆಸರನ್ನು ಹೊತ್ತ ಈ ನೌಕೆಯನ್ನು ಮರ್ಯಾದೆಯಿಂದ ನೋಡಿಕೊಳ್ಳಿ ಎಂಬರ್ಥದ ಎರಡು ಮಾತಾಡಿ ಹೊರಟುಹೋಗುತ್ತಾನೆ. ಆತನ ಹೆಸರನ್ನು ಸಹ ಯಾರೂ ಅಲ್ಲಿ ಉಚ್ಚರಿಸುವುದಿಲ್ಲ. ಎರಡೇ ನಿಮಿಷಗಳ ಈ ದೃಶ್ಯದಲ್ಲಿ ಆಗಬೇಕಾದ ಹಸ್ತಾಂತರವು ಆಗಿಹೋಯಿತೆಂದೇ ನಾನು ತಿಳಿಯುತ್ತೇನೆ. ಮಿಕ್ಕದ್ದು ದುಡಿಮೆಯ ಪ್ರಶ್ನೆ. ಮೊದಲಿನ ಒಂದೆರಡು ಋತುಗಳಲ್ಲಿ ಹೊಸಬರ ನಡೆ ತಡವರಿಸಿದ್ದುಂಟು, ಹಳೆಯ ಅಭಿಮಾನಿಗಳು ಮುಖ ಸಿಂಡರಿಸಿದ್ದುಂಟು. ಆದರೆ ಏಳು ಋತುಗಳು, 178 ಕಂತುಗಳು ಮುಗಿಯುವ ವೇಳೆಗೆ ಪಿಕಾರ್ಡನ ಕುರ್ಚಿಯನ್ನು ಕರ್ಕನಿಂದ ಎರವಲು ತಂದದ್ದೆಂದು ಹೇಳುವವರು ಉಳಿದಿರಲಿಲ್ಲ.

ಇಷ್ಟಾದ ಮೇಲೂ ಸಿನಿಮಾ ಕಂಪನಿಗೆ ಸಮಾಧಾನವಾಗಲಿಲ್ಲ. ಹಸ್ತಾಂತರವನ್ನು ಪ್ರೇಕ್ಷಕರು ಕಣ್ಣಾರೆ ಕಂಡು, ಟಿಕೆಟ್ಟು ಕೊಂಡು ಅನುಭವಿಸಬೇಕೆಂಬ ಆಸೆಯಿಂದ 1994ರ ನವೆಂಬರಿನಲ್ಲಿ ‘ಸ್ಟಾರ್ ಟ್ರೆಕ್: ಜನರೇಷನ್ಸ್’ ಎಂಬ ಚಿತ್ರವನ್ನು ಹೊರತಂದರು. ಅದರಲ್ಲಿ ಕರ್ಕನು ಹೊಸದೊಂದು ನೌಕೆಯ ಪ್ರಥಮಯಾನಕ್ಕೆ ಅತಿಥಿಯಾಗಿ ಬಂದು, ಅಪಘಾತದಲ್ಲಿ ಮರೆಯಾಗಿ, ಕಾಲವೇ ಇಲ್ಲದ ಒಂದು ಸುಖಲೋಕವನ್ನು ಸೇರುತ್ತಾನೆ, 78 ವರ್ಷಗಳ ಅನಂತರ ಪಿಕಾರ್ಡನು ಅಲ್ಲಿಗೆ ಹೋಗಿ, ಅಡುಗೆಮನೆಯಲ್ಲಿ ತತ್ತಿ ಬೇಯಿಸುತ್ತ ನಿಂತಿರುವ ಕರ್ಕನನ್ನು ಒಲಿಸಿ ಕರೆತಂದು, ಇಬ್ಬರೂ ಕೂಡಿ ಖಳನನ್ನು ಎದುರಿಸುತ್ತಾರೆ, ಕರ್ಕನು ಮಡಿಯುತ್ತಾನೆ, ಪಿಕಾರ್ಡನು ಕಲ್ಲುಗಳನ್ನೊಟ್ಟಿ ಅವನ ಸಮಾಧಿಯನ್ನು ಕಟ್ಟುತ್ತಾನೆ. ಮೊದಲು ಚಿತ್ರೀಕರಿಸಿದಾಗ ಖಳನು ಅವನನ್ನು ಬೆನ್ನ ಹಿಂದಿನಿಂದ ಗುಂಡಿಟ್ಟು ಕೊಲ್ಲುವಂತೆ ಇದ್ದಿತು. ಪರೀಕ್ಷಾರ್ಥವಾಗಿ ನೋಡಿದವರಿಗೆ ಅದು ರುಚಿಸಲಿಲ್ಲವಾಗಿ, ನಟರನ್ನು ಮರಳಿ ಕೂಡಿಸಿ, ಕುಸಿಯುವ ಸೇತುವೆಯ ಮೇಲೆ ಅವನು ಸಾಯುವಂತೆ ಮತ್ತೊಮ್ಮೆ ತೆಗೆದರು. ಒಂದು ಪಾತ್ರದ ಮರಣವನ್ನು ಎರಡು ಬಗೆಯಾಗಿ ತೆಗೆದು, ಮೆಚ್ಚುಗೆಯಾದುದನ್ನು ಇಟ್ಟುಕೊಳ್ಳಬಹುದೆಂದಾದರೆ ಆ ಮರಣವು ಕಥೆಗೆ ಬೇಕಾಗಿದ್ದುದಲ್ಲ, ಸಮಾರಂಭಕ್ಕೆ ಬೇಕಾಗಿದ್ದುದೆಂದು ಸ್ಪಷ್ಟವಾಗುತ್ತದೆ. ಸ್ಪಾಕ್ ಮತ್ತು ಮೆಕಾಯ್ ಪಾತ್ರಗಳ ನಟರು ಈ ಚಿತ್ರದಲ್ಲಿ ಬರಲು ಒಪ್ಪಲಿಲ್ಲ. ಅವರಿಗಾಗಿ ಬರೆದ ಮಾತುಗಳನ್ನು ಸ್ವಲ್ಪ ತಿದ್ದಿ ಸ್ಕಾಟಿ ಮತ್ತು ಚೆಕೋವ್ ಎಂಬ ಪಾತ್ರಗಳ ಬಾಯಲ್ಲಿಟ್ಟರು; ಆದ್ದರಿಂದಲೇ ಯಂತ್ರಶಾಲೆಯವನೂ ನೌಕಾಚಾಲಕನೂ ಆ ಚಿತ್ರದಲ್ಲಿ ತಮ್ಮದಲ್ಲದ ಅಂಗಿಯನ್ನು ತೊಟ್ಟವರಂತೆ ಕಾಣುತ್ತಾರೆ. ಹಸ್ತಾಂತರವನ್ನೇ ವಿಷಯವಾಗಿ ಉಳ್ಳ ಚಿತ್ರವು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಅತ್ಯಂತ ಸಾಮಾನ್ಯವಾದ ಕೆಲಸದಲ್ಲಿಯೇ ಸೋತಿತೆಂಬುದು ಸ್ವಾರಸ್ಯಕರವಾದ ಸಂಗತಿ.

ಈಗ ಊರಿಗೆ ಬರಬಹುದು. ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಜಾತ್ರೆ ಹತ್ತಿರವಾದೊಡನೆ ಹುಡುಗರು ಕೂಡಿ ಒಂದು ಸಾಮಾಜಿಕ ನಾಟಕವನ್ನು ಆಡುವ ನಿಶ್ಚಯ ಮಾಡುತ್ತಾರೆ. ಅಚ್ಚಾದ ನಾಟಕದ ಪುಸ್ತಕ ಬರುತ್ತದೆ. ಪಾತ್ರಗಳ ಹಂಚಿಕೆಯಲ್ಲಿ ಒಂದೆರಡು ಜಗಳಗಳಾಗುತ್ತವೆ. ಹಾರ್ಮೋನಿಯಂ ಮಾಸ್ತರನ್ನು ಗೊತ್ತುಮಾಡಿ ಗುಡಿಯ ಪೌಳಿಯಲ್ಲಿಯೋ ಸಾಲೆಯ ಪಡಸಾಲೆಯಲ್ಲಿಯೋ ರಾತ್ರಿ ಊಟವಾದ ಮೇಲೆ ತಾಲೀಮು ನಡೆಯುತ್ತದೆ. ಹೊಲದಲ್ಲಿ ಹಗಲೆಲ್ಲ ಗಳೆ ಹೊಡೆದು ಬಂದವನು ರಾತ್ರಿ ಹನ್ನೊಂದರವರೆಗೆ ಜಮೀನ್ದಾರನಾಗಿ ಗುಡುಗುತ್ತಾನೆ. ಸ್ತ್ರೀಪಾತ್ರಗಳಿಗೆ ಮಾತ್ರ ಊರಿನವರು ಯಾರೂ ಇಲ್ಲ. ನಾಯಕಿಯನ್ನು ಗದಗಿನಿಂದಲೋ ಹುಬ್ಬಳ್ಳಿಯಿಂದಲೋ, ನಾಟಕ ಕಂಪನಿಗಳಲ್ಲಿ ದುಡಿದು ಪಳಗಿದವರ ಪೈಕಿ, ಒಂದು ರಾತ್ರಿಯ ಸಂಭಾವನೆ ಮಾತಾಡಿ ಕರೆಯಿಸುತ್ತಾರೆ. ಆಕೆ ತಾಲೀಮಿಗೆ ಬಂದಿರುವುದಿಲ್ಲ. ನಾಟಕದ ದಿನ ಮಧ್ಯಾಹ್ನದ ಬಸ್ಸಿಗೆ, ಸೀರೆ ಮತ್ತು ಬಣ್ಣದ ಪೆಟ್ಟಿಗೆಯೊಡನೆ ಇಳಿದು, ಯಾರದೋ ಮನೆಯಲ್ಲಿ ಉಂಡು ಒಂದು ನಿದ್ದೆ ತೆಗೆದು, ಸಂಜೆ ಎದ್ದು, ನಾಯಕ ಯಾರು, ಅಣ್ಣ ಯಾರು, ಖಳ ಯಾರು ಎಂದು ಒಮ್ಮೆ ಕೇಳಿ ಮುಖಗಳನ್ನು ನೋಡಿಕೊಳ್ಳುತ್ತಾಳೆ. ಅಷ್ಟೇ ಆಕೆಯ ಸಿದ್ಧತೆ. ಏಕೆಂದರೆ ಆ ಪಾತ್ರವನ್ನು ಆಕೆ ಅದೇ ತಿಂಗಳಲ್ಲಿ ಬೇರೆ ಊರುಗಳಲ್ಲಿ ಬೇರೆ ಅಣ್ಣಂದಿರೊಡನೆ ಆಡಿದ್ದಾಳೆ. ಮುಂದಿನ ವಾರ ಇನ್ನೊಂದು ಊರಿನಲ್ಲಿ ಆಡುವವಳಿದ್ದಾಳೆ.

ಅಮೆರಿಕದ ಚಿತ್ರದಲ್ಲಿ ನೌಕೆ ಸ್ಥಿರ, ನಾವಿಕರು ಚರ. ಇಲ್ಲಿ ನಾಯಕಿಯೊಬ್ಬಳೇ ಸ್ಥಿರ, ಆಕೆಯ ಸುತ್ತಲಿನ ಸಮಸ್ತ ವರ್ಗವೂ ಪ್ರತಿ ರಾತ್ರಿ ಬದಲಾಗುತ್ತದೆ. ಈ ವಿಪರ್ಯಾಸವನ್ನು ಹೊರಗಿನವರು ಕಂಡರೆ ಇದರಿಂದ ನಾಟಕವು ಹೇಗೆ ನಿಂತೀತೆಂದು ಸಂದೇಹಪಡಬಹುದು. ಅದು ನಿಲ್ಲುವ ಬಗೆಯನ್ನು ರಂಗದ ಹತ್ತಿರ ಕುಳಿತವರು ಬಲ್ಲರು. ಎರಡನೆಯ ಅಂಕದಲ್ಲಿ ಅಣ್ಣನ ಪಾತ್ರದ ಹುಡುಗನು ಸಾವಿರಾರು ಕಣ್ಣುಗಳನ್ನು ಒಮ್ಮೆಲೆ ಕಂಡು ಮಾತು ಮರೆತು ನಿಲ್ಲುತ್ತಾನೆ. ಪರದೆಯ ಮರೆಯಿಂದ ಪ್ರಾಂಪ್ಟರನು ಹೇಳಿದ್ದು ಧ್ವನಿವರ್ಧಕದ ಗದ್ದಲದಲ್ಲಿ ಅವನಿಗೆ ಕೇಳಿಸುವುದಿಲ್ಲ. ಆಗ ಆಕೆ ಎರಡು ಹೆಜ್ಜೆ ಮುಂದೆ ಬಂದು, ಸೆರಗನ್ನು ಸರಿಮಾಡಿಕೊಳ್ಳುವ ನೆವದಲ್ಲಿ ಅವನತ್ತ ತಿರುಗಿ, “ಯಾಕಣ್ಣಾ ಸುಮ್ಮನ ನಿಂತಿ? ಹೊಲಾ ಮಾರಿ ಊರು ಬಿಡತೇನಿ ಅಂತ ಅನ್ನಾಂವ ಇದ್ದಿ, ಹೌದಿಲ್ಲೋ?” ಎನ್ನುತ್ತಾಳೆ. ಹುಡುಗನು ಆಡಬೇಕಾದ ಮಾತೇ ಅದು. ಪ್ರಶ್ನೆಯ ರೂಪದಲ್ಲಿ ಅವನಿಗೆ ಮರಳಿ ಬಂದಿದೆ. “ಹೌದು ತಂಗೀ,” ಎಂದು ಅವನು ಹಿಡಿದುಕೊಳ್ಳುತ್ತಾನೆ, ಅಲ್ಲಿಂದ ಮುಂದೆ ಗಾಡಿ ಸಾಗುತ್ತದೆ. ಕೆಳಗೆ ಕುಳಿತ ಮುದುಕಿಯರು ಇದನ್ನು ನಾಟಕದ ಭಾಗವೆಂದೇ ತಿಳಿದು ಕಣ್ಣೊರಸಿಕೊಳ್ಳುತ್ತಾರೆ. ಮರುಕ್ಷಣದಲ್ಲಿ ಯಾರೋ ಒಬ್ಬರು ರಂಗವೇರಿ ಅವನ ಅಂಗಿಗೆ ಬಹುಮಾನದ ನೋಟು ಚುಚ್ಚಿ ಇಳಿಯುತ್ತಾರೆ. ಒಂದು ಕೃತಿಯು ಬಲ್ಲವರ ಕೈಯಿಂದ ಅರಿಯದವರ ಕೈಗೆ ದಾಟುವ ಕ್ರಿಯೆಯನ್ನು ಇದಕ್ಕಿಂತ ಸಮೀಪದಿಂದ ಕಾಣುವುದು ದುರ್ಲಭ. ಅಲ್ಲಿ ಯಾರೂ ಸಾಯಲಿಲ್ಲ, ಸಮಾಧಿ ಕಟ್ಟಲಿಲ್ಲ. ಹಳಬಳು ಹೊಸಬನ ಪಕ್ಕದಲ್ಲಿ ನಿಂತು ಅವನ ಮಾತನ್ನು ಅವನಿಗೆ ಒಪ್ಪಿಸಿದಳು.

ಹೀಗೆ ದಾಟುತ್ತ ಬಂದ ನಾಟಕಗಳ ಪೈಕಿ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಒಂದು. ವೃತ್ತಿ ಕಂಪನಿಗಳಿಗಾಗಿ ಹುಟ್ಟಿದ ಈ ಕೃತಿಯು 1974ರಲ್ಲಿ ಚಲನಚಿತ್ರವಾಗಿ, ರಾಜಕುಮಾರ್ ಮತ್ತು ಮಂಜುಳಾ ಅವರ ಅಭಿನಯದಿಂದ ನಾಡಿನಾದ್ಯಂತ ಮನೆಮಾತಾಯಿತು. ಅಂತಹ ನಟರ ಮುದ್ರೆ ಬಿದ್ದ ಮೇಲೆ ಅದನ್ನು ಮುಟ್ಟುವ ಧೈರ್ಯ ಯಾರಿಗಿದ್ದೀತೆಂದು ಕೇಳಬಹುದು. ಹಳ್ಳಿಯವರಿಗೆ ಇದ್ದಿತು. ಚಿತ್ರವನ್ನು ನೋಡಿ ಬಂದವರೇ ಆ ನಾಟಕವನ್ನು ಮತ್ತೆ ಆಡಿದರು, ತಮ್ಮೂರಿನ ಹುಡುಗನನ್ನೇ ನಾಯಕನ ಸ್ಥಾನದಲ್ಲಿ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಅವನು ರಾಜಕುಮಾರರಂತೆ ಆಡಲಿಲ್ಲವೆಂಬುದು ಅವರಿಗೆ ತಿಳಿಯದೆ ಇರಲಿಲ್ಲ. ಅದನ್ನು ಅವನಿಂದ ಅವರು ಬಯಸಿರಲೂ ಇಲ್ಲ. ಮಹಾನಟನ ಅಭಿನಯವನ್ನು ಕೃತಿಯ ಒಂದು ಸಿದ್ಧಿಯೆಂದು ಗೌರವಿಸಿ, ಕೃತಿಯನ್ನು ಅದರಾಚೆಗೂ ಇರುವ ವಸ್ತುವೆಂದು ಕಾಣುವ ಈ ವಿವೇಕವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಇಲ್ಲಿ ಒಡೆತನದ ವಿಚಾರವನ್ನೂ ಹೇಳದೆ ಹೋಗುವಂತಿಲ್ಲ. ಎಂಟರ್‌ಪ್ರೈಸ್ ನೌಕೆಯು ಚಿತ್ರಸಂಸ್ಥೆಯ ಸ್ವತ್ತು; ಅದನ್ನು ಯಾರು ನಡೆಸಬೇಕು, ಯಾರು ಇಳಿಯಬೇಕು ಎಂಬುದನ್ನು ನಿರ್ಣಯಿಸುವವರು ಅದರ ಯಜಮಾನರು. ನಮ್ಮಲ್ಲಿ ಕಂಪನಿಯ ಮಾಲೀಕರಿಗೆ ತಂಬು, ಪರದೆ, ಸೀನು, ಉಡುಪು ಸ್ವಂತವಾಗಿದ್ದವು. ನಾಟಕವಾದರೋ ಒಮ್ಮೆ ಅಚ್ಚಾಯಿತೆಂದರೆ ಪುಸ್ತಕ ಕೊಂಡವರದೆಲ್ಲ ಆಗಿಬಿಡುತ್ತಿದ್ದಿತು. ಇದರಿಂದ ನಾಟಕಕ್ಕೆ ನೂರು ವಾರಸುದಾರರು ದೊರೆತರು, ನಾಟಕಕಾರನಿಗೆ ಮಾತ್ರ ನೂರು ಪ್ರಯೋಗಗಳ ಗೌರವಧನವು ಬರಲಿಲ್ಲ. ಈ ಅನ್ಯಾಯವನ್ನು ಮುಚ್ಚಿಟ್ಟು ನಮ್ಮ ಪದ್ಧತಿಯನ್ನು ಹೊಗಳುವುದು ಸಲ್ಲದು. ಆದರೂ, ಹಣದ ನಿಯಮವನ್ನು ತಿದ್ದುವುದಕ್ಕಾಗಿ ಕೃತಿಯ ಸಂಚಾರವನ್ನೇ ನಿಲ್ಲಿಸಬೇಕೆಂಬುದು ತರ್ಕವಾಗಲಾರದು.

ನಟವ್ಯಕ್ತಿಯು ಪೂರ್ಣವಾಗಿ ಕರಗಿ ಸ್ಥಾನವೊಂದೇ ಉಳಿಯುವ ಪರಾಕಾಷ್ಠೆಯ ಉದಾಹರಣೆಯೂ ನಮ್ಮ ತಾಲೂಕಿನಲ್ಲಿಯೇ ಇದೆ. ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಮಹಾನವಮಿಯ ಹೊತ್ತಿಗೆ ಕಾರಣಿಕವಾಗುತ್ತದೆ. ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, “ಸದ್ದಲೇ” ಎಂದು ಒಮ್ಮೆ ಕೂಗುತ್ತಲೇ ಆ ಜನಸಾಗರವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಒಂದೇ ಒಂದು ವಾಕ್ಯವನ್ನು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯವು ಮಳೆಯನ್ನು ಕುರಿತದ್ದೋ ಬೆಳೆಯನ್ನು ಕುರಿತದ್ದೋ ರಾಜಕಾರಣವನ್ನು ಕುರಿತದ್ದೋ ಎಂದು ಜನರು ವರ್ಷವೆಲ್ಲ ಜಿಜ್ಞಾಸೆ ಮಾಡುವರೇ ಹೊರತು, ನುಡಿದವನ ಕಂಠ ಹೇಗಿದ್ದಿತು, ಹಿಂದಿನ ಗೊರವಯ್ಯನಿಗೆ ಇವನು ಸಾಟಿಯೇ ಎಂದು ಯಾರೂ ತೂಗಿ ನೋಡುವುದಿಲ್ಲ. ಆಸ್ತಿಕರಿಗೆ ಅಲ್ಲಿ ದೈವವೇ ಕರ್ತೃವಾದುದರಿಂದ ಆ ಹೋಲಿಕೆಗೆ ಆಸ್ಪದವೇ ಇಲ್ಲ. ಕಲೆಯು ಈ ಸ್ಥಿತಿಗೆ ಮುಟ್ಟಲಾರದು, ಮುಟ್ಟಲೂ ಬಾರದು. ಕಲೆಯಲ್ಲಿ ಕಂಠವೂ ಎಣಿಕೆಗೆ ಬರುತ್ತದೆ. ಏಣಗಿ ಬಾಳಪ್ಪನವರು ಬಸವೇಶ್ವರನಾಗಿ ರಂಗಕ್ಕೆ ಬಂದಾಗ ಜನರು ಕಂಡದ್ದು ಬರಿಯ ಒಂದು ಸ್ಥಾನವನ್ನಲ್ಲ. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಆ ಹಿರಿಯರೊಡನೆ ಹೋದದ್ದು ಹೋಯಿತು. ಅದನ್ನು ಯಾರಿಗೂ ದಾಟಿಸಲು ಸಾಧ್ಯವಿರಲಿಲ್ಲ. ಆದರೆ ಬಸವೇಶ್ವರನ ಪಾತ್ರವು ಹೋಗಲಿಲ್ಲ.

ಪಾತ್ರ ಬೇರೆ, ಅಭಿನಯ ಬೇರೆ ಎಂಬ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕನ್ನಡ ರಂಗಭೂಮಿಯ ದೊಡ್ಡ ಉತ್ತರಾಧಿಕಾರಗಳು ಚೆನ್ನಾಗಿ ತಿಳಿಯುತ್ತವೆ. 1953ರಲ್ಲಿ ಕೆ. ಹಿರಣ್ಣಯ್ಯನವರು ಮಡಿಕೇರಿಯಲ್ಲಿ ನಿಧನರಾದಾಗ ಅವರ ಮಂಡಳಿಯ ಭಾರವು ಇನ್ನೂ ಇಪ್ಪತ್ತು ತುಂಬದ ಮಗನ ಹೆಗಲಿಗೆ ಬಿದ್ದಿತು. ತಂದೆಯ ನಾಟಕಗಳನ್ನು ಹಾಗೆಯೇ ಒಪ್ಪಿಸುತ್ತ ಹೋಗಿದ್ದರೆ ಆತನು ಒಳ್ಳೆಯ ಮಗನೆನಿಸಿಕೊಳ್ಳುತ್ತಿದ್ದನು, ಮಾಸ್ಟರ್ ಹಿರಣ್ಣಯ್ಯನೆನಿಸಿಕೊಳ್ಳುತ್ತಿರಲಿಲ್ಲ. ‘ಲಂಚಾವತಾರ’ದಲ್ಲಿ ಅವರು ಬೆಳಗಿನ ಪತ್ರಿಕೆಯ ಸುದ್ದಿಯನ್ನು ಸಂಜೆಯ ರಂಗದ ಮೇಲೆ ತಂದು, ಅಧಿಕಾರದಲ್ಲಿದ್ದವರ ಮೇಲೆ ಮನಬಂದಂತೆ ಮಾತು ಬೆಳೆಸುತ್ತಿದ್ದರು. ಮಂಡಳಿಯು ತಂದೆಯಿಂದ ಬಂದದ್ದು. ಆ ನಾಲಗೆಯು ಅವರದೇ. 2019ರಲ್ಲಿ ಅವರು ತೀರಿಕೊಂಡ ಮೇಲೆ ಆ ನಾಟಕವನ್ನು ಆಡುವವರಿಗೆ ದೊರೆಯುವುದೂ ಚೌಕಟ್ಟು ಮಾತ್ರ; ಒಳಗಿನ ಮಾತನ್ನು ತಮ್ಮ ಕಾಲದ ಪತ್ರಿಕೆಯಿಂದಲೇ ಅವರು ಎತ್ತಿಕೊಳ್ಳಬೇಕು. ಹಾಗೆ ಮಾಡದೆ ಹಿರಣ್ಣಯ್ಯನವರು ಬೈದ ಮಂತ್ರಿಗಳನ್ನೇ ಬೈಯುತ್ತಿದ್ದರೆ ಅದು ನಾಟಕವಾಗದೆ ಪುಣ್ಯತಿಥಿಯಾಗುತ್ತದೆ.

ನಮ್ಮ ಜಿಲ್ಲೆಯ ಹಾನಗಲ್ಲು ಸೀಮೆಯಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದಾಗ ಗದಗಿನ ವೀರೇಶ್ವರ ಪುಣ್ಯಾಶ್ರಮವು ಅದೇ ಸೀಮೆಯ ದೇವಗಿರಿಯವರಾದ ಪುಟ್ಟರಾಜರ ಕೈಗೆ ಬಂದಿತು. ಆಗ ಅವರಿಗೆ ಮೂವತ್ತು ವರ್ಷ. ಅಂಧ ಮಕ್ಕಳಿಗೆ ಸಂಗೀತವನ್ನೂ ಅನ್ನವನ್ನೂ ಕೊಡುವ ಆ ಆಶ್ರಮಕ್ಕೆ ಅದರದೇ ಆದ ನಾಟಕ ಕಂಪನಿಯೂ ಇದ್ದಿತು. ಗುರುವು ಬಿಟ್ಟುಹೋದ ಸಂಗೀತದ ಶಿಸ್ತನ್ನು ಎಳ್ಳಷ್ಟೂ ಸಡಿಲಿಸದೆ, ಕಂಪನಿಗೆ ಬೇಕಾದ ನಾಟಕಗಳನ್ನು ಪುಟ್ಟರಾಜರು ತಾವೇ ಹೊಸದಾಗಿ ರಚಿಸಿದರು. 2010ರವರೆಗೆ ಆಶ್ರಮವನ್ನು ನಡೆಯಿಸಿದರು. ಗುರುವಿನ ಬಳಿ ಬಾಲ್ಯದಿಂದಲೇ ಕುಳಿತು ಕಲಿತವರಾದುದರಿಂದ ಯಾವುದನ್ನು ಉಳಿಸಬೇಕು, ಎಲ್ಲಿ ಹೊಸದನ್ನು ತರಬಹುದು ಎಂಬ ವಿವೇಚನೆಯು ಅವರಿಗೆ ಅಧಿಕಾರಪತ್ರದಿಂದ ಬಂದದ್ದಾಗಿರಲಿಲ್ಲ. ‘ಜನರೇಷನ್ಸ್’ ಚಿತ್ರದಲ್ಲಿ ಕರ್ಕನೂ ಪಿಕಾರ್ಡನೂ ಕೂಡಿ ಇರುವುದು ಕೆಲವು ನಿಮಿಷಗಳ ಕಾಲ ಮಾತ್ರ. ಅಷ್ಟರಲ್ಲಿ ಒಬ್ಬನು ಇನ್ನೊಬ್ಬನಿಗೆ ಏನನ್ನೂ ಕಲಿಸುವುದಿಲ್ಲ, ಇಬ್ಬರೂ ಕುದುರೆಯನ್ನೇರಿ ಸವಾರಿ ಮಾಡುತ್ತಾರೆ.

ಇಷ್ಟು ಅನುಭವವಿದ್ದ ನಾಡಿನಲ್ಲಿ ಸಿನಿಮಾ ಮಾತ್ರ ಈ ವಿದ್ಯೆಯನ್ನು ಏಕೆ ಕಲಿಯಲಿಲ್ಲವೆಂಬುದು ವಿಚಾರಿಸತಕ್ಕ ವಿಷಯ. ನಮ್ಮಲ್ಲಿ ಚಿತ್ರಸರಣಿಗಳು ಇರಲಿಲ್ಲವೆಂದಲ್ಲ. ದೊರೈ–ಭಗವಾನ್ ಜೋಡಿಯು 1968ರಲ್ಲಿ ‘ಜೇಡರ ಬಲೆ’ಯಿಂದ ಆರಂಭಿಸಿ ‘ಗೋವಾದಲ್ಲಿ ಸಿ.ಐ.ಡಿ. 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಎಂಬ ಚಿತ್ರಗಳನ್ನು ಬೆನ್ನು ಬೆನ್ನಿಗೇ ತೆಗೆದು, ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಎಂಬ ನಾಲ್ಕನೆಯದನ್ನು ಹೊರತಂದಿತು. ನಾಲ್ಕರಲ್ಲಿಯೂ ಪತ್ತೇದಾರನಾದವರು ರಾಜಕುಮಾರರೇ. ಬ್ರಿಟಿಷರ ಜೇಮ್ಸ್ ಬಾಂಡನ ಪ್ರೇರಣೆಯಿಂದ ಹುಟ್ಟಿದ ಪಾತ್ರವಿದು. ಬಾಂಡನ ಪಾತ್ರಕ್ಕಾದರೋ 1969ರಲ್ಲಿಯೇ ಎರಡನೆಯ ನಟನು ಬಂದಿದ್ದನು, 1973ರಲ್ಲಿ ಮೂರನೆಯವನು ಬಂದನು.

ನಮ್ಮ 999 ಎಂಬ ಸಂಖ್ಯೆಯು ಮಾತ್ರ ರಾಜಕುಮಾರರ ಅನಂತರ ಯಾರ ಪಾಲಿಗೂ ಬರಲಿಲ್ಲ. ಈಚಿನ ಕಾಲದಲ್ಲಿಯೂ ಅಷ್ಟೇ: 2004ರ ‘ಆಪ್ತಮಿತ್ರ’ಕ್ಕೆ 2010ರಲ್ಲಿ ‘ಆಪ್ತರಕ್ಷಕ’ ಬಂದಿತು, ಅದು ತೆರೆ ಕಾಣುವ ಮುನ್ನವೇ ವಿಷ್ಣುವರ್ಧನರು ತೀರಿಕೊಂಡಿದ್ದರು, ಅಲ್ಲಿಗೆ ಕನ್ನಡದಲ್ಲಿ ಆ ಸರಣಿ ನಿಂತಿತು. ಅದೇ ಮೂಲದಿಂದ ಬಂದ ತಮಿಳಿನ ‘ಚಂದ್ರಮುಖಿ’ಗೆ 2023ರಲ್ಲಿ ರಜನೀಕಾಂತರ ಬದಲು ಬೇರೆ ನಾಯಕನನ್ನು ನಿಲ್ಲಿಸಿ ಎರಡನೆಯ ಭಾಗವನ್ನು ತೆಗೆದರು. ಆ ಪ್ರಯತ್ನವು ಹೆಚ್ಚೇನೂ ಫಲಿಸಲಿಲ್ಲವೆಂಬುದು ಬೇರೆ ಮಾತು.

ಇದಕ್ಕೆ ಪ್ರತಿವಾದವೇನೆಂದು ನಾನು ಬಲ್ಲೆ. ರಾಜಕುಮಾರರಿಲ್ಲದ 999 ಯಾರಿಗೆ ಬೇಕು? ಕನ್ನಡದ ಪ್ರೇಕ್ಷಕನು ಪಾತ್ರವನ್ನು ನೋಡಲು ಹೋದವನಲ್ಲ, ಅಣ್ಣಾವ್ರನ್ನು ನೋಡಲು ಹೋದವನು. ಆ ಪ್ರೀತಿಗೆ ಬದಲಿ ನಟನನ್ನು ಸೂಚಿಸುವುದೇ ಅವಿನಯವಲ್ಲವೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಆ ರಾಜಕುಮಾರರೇ ಗುಬ್ಬಿ ಕಂಪನಿಯ ರಂಗದಲ್ಲಿ ಬೆಳೆದವರು, ಅವರ ತಂದೆಯವರೂ ಅದೇ ಕಂಪನಿಯ ನಟರು. ಹಿರಿಯ ನಟನೊಬ್ಬನು ಜ್ವರದಿಂದ ಮಲಗಿದರೆ ಕಿರಿಯನು ಅವನ ಕಿರೀಟವನ್ನೇ ತೊಟ್ಟು ಆ ರಾತ್ರಿಯನ್ನು ಸಾಗಿಸುವ ಪರಂಪರೆ ಅದು. ಅಭಿಮಾನಿಗಳು ಬದಲಾವಣೆಯನ್ನು ಸಹಿಸುತ್ತಿರಲಿಲ್ಲವೆಂದು ಹೇಳುವವರು, ಅದೇ ಅಭಿಮಾನಿಗಳು ತಮ್ಮೂರಿನ ಜಾತ್ರೆಯಲ್ಲಿ ‘ಸಂಪತ್ತಿಗೆ ಸವಾಲ್’ ನಾಟಕಕ್ಕೆ ಕುಳಿತದ್ದನ್ನು ಮರೆಯುತ್ತಾರೆ. ಸಹಿಸದೆ ಹೋದವನು ಪ್ರೇಕ್ಷಕನಲ್ಲ, ಬಂಡವಾಳ ಹೂಡುವವನು. ಹೊಸ ನಟನ ಮೊದಲ ಚಿತ್ರ ತಡವರಿಸೀತು, ಎರಡನೆಯದು ಸಾಧಾರಣವಾದೀತು, ಮೂರನೆಯದರಲ್ಲಿ ಅವನು ಪಾತ್ರವನ್ನು ತನ್ನದಾಗಿ ಮಾಡಿಕೊಂಡಾನು ಎಂದು ಕಾಯುವ ತಾಳ್ಮೆಯು ಪಿಕಾರ್ಡನಿಗೆ ದೊರೆತಂತೆ ಇಲ್ಲಿ ಯಾರಿಗೂ ದೊರೆಯಲಿಲ್ಲ.

2009ರಲ್ಲಿ ಜೆ. ಜೆ. ಅಬ್ರಾಮ್ಸ್ ನಿರ್ದೇಶಿಸಿದ ಚಿತ್ರದಲ್ಲಿ ಎಂಟರ್‌ಪ್ರೈಸ್ ನೌಕೆಯು ಮತ್ತೊಮ್ಮೆ ಕೈ ಬದಲಿಸಿತು. ಈ ಸಲ ಕರ್ಕ್, ಸ್ಪಾಕ್ ಎಂಬ ಹಳೆಯ ಪಾತ್ರಗಳನ್ನೇ ಎಳೆಯ ನಟರು ಧರಿಸಿದರು. ಹಿಂದೆ ಬರಲೊಲ್ಲೆನೆಂದಿದ್ದ, ಸ್ಪಾಕ್ ಪಾತ್ರದ ಮೊದಲಿನ ನಟ ಲಿಯೊನಾರ್ಡ್ ನಿಮಾಯ್ ಈಗ ಒಪ್ಪಿದರು. ವೃದ್ಧ ಸ್ಪಾಕನಾಗಿ ಬಂದು, ತನ್ನದೇ ಪಾತ್ರವನ್ನು ಧರಿಸಿದ ಯುವಕನ ಎದುರಿನಲ್ಲಿ ನಿಂತು ಮಾತಾಡಿ, ಬದುಕಿರುವಂತೆಯೇ ಹಿಂದೆ ಸರಿದರು. ಯಾವ ಸ್ಪರ್ಧೆಯೂ ಇಲ್ಲದ ಆ ದೃಶ್ಯವನ್ನು ನೋಡುವಾಗ, 1994ರಲ್ಲಿ ಅವರು ಬರಲೊಪ್ಪದೆ ಇದ್ದುದು ಕೃತಿಯ ಮೇಲಿನ ಗೌರವದಿಂದಲೇ ಇದ್ದಿರಬಹುದೆಂದು ನನಗೆ ತೋರುತ್ತದೆ. ಅಂತಹದೊಂದು ದೃಶ್ಯವನ್ನು ರಾಜಕುಮಾರರಿಂದ ನಮ್ಮವರು ಪಡೆಯಬಹುದಾಗಿದ್ದಿತು. ಅವರು ತೀರಿಕೊಂಡ 2006ರ ಏಪ್ರಿಲ್ ಬರುವವರೆಗೆ ಕಾಲವೂ ಬೇಕಾದಷ್ಟಿದ್ದಿತು.

ಆದರೆ ಹಳ್ಳಿಯ ಪದ್ಧತಿಯು ದೋಷರಹಿತವೆಂದು ಹೇಳಿ ಮುಗಿಸಿದರೆ ಈ ವಾದವು ಅರ್ಧಸತ್ಯವಾಗುತ್ತದೆ. ಅಲ್ಲಿ ಪುರುಷಪಾತ್ರಗಳೆಲ್ಲ ಅಣ್ಣನಿಂದ ತಮ್ಮನಿಗೆ, ಮಾವನಿಂದ ಅಳಿಯನಿಗೆ ದಾಟುತ್ತ ಹೋಗುವುವು. ಖಳನ ಪಾತ್ರವನ್ನು ಮೀಸೆ ಹಣ್ಣಾಗುವವರೆಗೆ ಆಡಿದವನು ಮುಂದಿನ ಜಾತ್ರೆಗೆ ತಾಲೀಮಿನಲ್ಲಿ ಕುಳಿತು ಕಿರಿಯನ ಉಚ್ಚಾರವನ್ನು ತಿದ್ದುತ್ತಾನೆ. ಆದರೆ ಇಡೀ ರಾತ್ರಿಯನ್ನು ಹೆಗಲ ಮೇಲೆ ಹೊತ್ತ ಆ ನಾಯಕಿಯ ಪಾತ್ರವನ್ನು ಪಡೆಯುವವರು ಯಾರು? ಆಕೆ ಬಲ್ಲದ್ದು ಪುಸ್ತಕದಲ್ಲಿ ಅಚ್ಚಾಗಿಲ್ಲ. ಮಾತು ಮರೆತವನಿಗೆ ಮಾತನ್ನು ಮರಳಿ ಕೊಡುವ ಬಗೆ, ಕುಡಿದು ಬಂದ ಖಳನನ್ನು ಪ್ರೇಕ್ಷಕರಿಗೆ ಗೊತ್ತಾಗದಂತೆ ರಂಗದಿಂದ ಇಳಿಸುವ ಬಗೆ, ಹಾರ್ಮೋನಿಯಂ ಶ್ರುತಿ ತಪ್ಪಿದಾಗ ಹಾಡನ್ನು ಮಾತಾಗಿ ಮಾರ್ಪಡಿಸುವ ಬಗೆ ಆಕೆಯ ಅನುಭವದಲ್ಲಿ ಮಾತ್ರವಿದೆ. ಕಂಪನಿಗಳು ಕ್ಯಾಂಪಿನಿಂದ ಕ್ಯಾಂಪಿಗೆ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ಎಳೆಯ ಹುಡುಗಿಯರು ಹಿರಿಯ ನಟಿಯರ ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಬೆಳೆದು ಅದನ್ನು ಕಲಿಯುತ್ತಿದ್ದರು. ಕಂಪನಿಗಳು ವಿರಳವಾದಂತೆ ಆ ಪಾಠಶಾಲೆಯೂ ವಿರಳವಾಯಿತು. ಜಾತ್ರೆಯ ಕಮಿಟಿಯವರು ಆಕೆಯನ್ನು ತಾಲೀಮಿಗೆಂದು ಎರಡು ದಿನ ಮೊದಲೇ ಕರೆಯಿಸಬೇಕಾದರೆ ಎರಡು ದಿನದ ಸಂಭಾವನೆಯನ್ನು ಹೆಚ್ಚಾಗಿ ಕೊಡಬೇಕು. ಅದನ್ನು ಕಲಿಕೆಯ ವೆಚ್ಚವೆಂದು ಯಾರೂ ಎಣಿಸುವುದಿಲ್ಲ, ಆದುದರಿಂದ ಆಕೆ ಮಧ್ಯಾಹ್ನದ ಬಸ್ಸಿಗೇ ಬರುತ್ತಾಳೆ. ವೆಚ್ಚ ಕೊಟ್ಟರೂ ಕಲಿಯುವವಳು ಬೇಕಷ್ಟೆ. ಸಾಲೆಯ ಗ್ಯಾದರಿಂಗಿನಲ್ಲಿ ಸಾವಿತ್ರಿಯಾಗಿ ಮಾತಾಡಿ ಬಹುಮಾನ ಪಡೆದ ಹುಡುಗಿಯನ್ನು ಇಡೀ ಊರೇ ಕೊಂಡಾಡುತ್ತದೆ. ಅದೇ ಹುಡುಗಿ ಹತ್ತು ವರ್ಷಗಳ ಮೇಲೆ ಜಾತ್ರೆಯ ನಾಟಕದಲ್ಲಿ ತಂಗಿಯ ಪಾತ್ರವನ್ನು ನಾನೇ ಆಡುತ್ತೇನೆಂದರೆ, ಮನೆಯವರಿಗಿಂತ ಮೊದಲು ಬೇಡವೆನ್ನುವವರು ಆ ನಾಟಕದ ಅಣ್ಣನ ಪಾತ್ರದವರೇ.